ಪಿಪ್‌ನ ಕೈಗಳು

ಮಂಡ್ಯ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಊರಿನ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ಡಿಕನ್ಸ್‌ನ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯ ಸಂಕೇತಗಳ ಮೇಲೆ ನೀನು ಬರೆಯಬೇಕಾದ ಪ್ರಬಂಧದ ಪ್ರಶ್ನೆಗಳ ನಡುವೆ ಒಂದು ಸಾಲು ತೂರಿಸಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಅಪ್ಪ ಆಲೆಮನೆ ಬೆಲ್ಲ ಹಿಡಿದುಕೊಂಡು ಮೈಸೂರಿನ ಹಾಸ್ಟೆಲ್‌ಗೆ ಬಂದಾಗ ಗೆಳತಿಯರ ಕಣ್ಣಿಗೆ ಬೀಳದ ಹಾಗೆ ಬೇಗ ಬೇಗ ಸಾಗಹಾಕಿದೆ, ನಾನೂ ಪಿಪ್ ಆಗಿಬಿಟ್ಟೆನಾ ಅಂತ. ಕಮ್ಮಾರ ಭಾವ ಜೋನ ಮನೆಯಲ್ಲಿ ಬೆಳೆದ ಹಳ್ಳಿ ಹುಡುಗ ಪಿಪ್, ಯಾರೋ ಗುಟ್ಟಾಗಿ ಕೊಟ್ಟ ದುಡ್ಡಿನಿಂದ ಲಂಡನ್ ಸೇರಿ, ಆ ಜೋನನ್ನೇ ಕಂಡು ನಾಚಿಕೊಂಡವನಲ್ಲವೇ.

ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಲ್ಲಿ ಸಂಕೇತ ಅಂದ ಕೂಡಲೇ ಎಲ್ಲರೂ ಜೌಗಿನ ಮಂಜು, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತ ಗಡಿಯಾರ, ಜೇಡ ಹರಿದಾಡುವ ಮದುವೆ ಕೇಕು ಅಂತ ಬರೆಯುತ್ತಾರೆ. ಬರೆಯಲಿ. ನಿನ್ನ ಭಯದ ಜಾಡು ಇರುವುದು ಕೈಗಳಲ್ಲಿ. 8ನೇ ಅಧ್ಯಾಯದಲ್ಲಿ ಇಸ್ಪೀಟಾಡುತ್ತಾ, ಮದುವೆ ಮುರಿದ ಶ್ರೀಮಂತೆ ಮಿಸ್ ಹ್ಯಾವಿಶಮ್‌ಳ ಸಾಕುಮಗಳು ಎಸ್ಟೆಲ್ಲಾ ಪಿಪ್‌ನ ಒರಟು ಕೈ, ದಪ್ಪ ಬೂಟು ಎರಡನ್ನೂ ಆಡಿಕೊಳ್ಳುತ್ತಾಳೆ. ಕೈಗೂ ನಾಚಿಕೊಳ್ಳಬೇಕು ಅಂತ ಆ ಹುಡುಗನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. 39ರಲ್ಲಿ, ಗುಟ್ಟಾಗಿ ದುಡ್ಡು ಕೊಟ್ಟ ಆ ಕೈದಿ ಮ್ಯಾಗ್‌ವಿಚ್ ಎರಡೂ ಕೈ ಚಾಚಿದರೆ ಹಿಂದೆ ಸರಿಯುತ್ತಾನೆ. 49ರಲ್ಲಿ ಮಿಸ್ ಹ್ಯಾವಿಶಮ್‌ಳ ಬಟ್ಟೆಗೆ ಬೆಂಕಿ ಹತ್ತಿದಾಗ ಆ ಕೊಳೆತ ಕೇಕಿನ ಮೇಜುಬಟ್ಟೆಯನ್ನೇ ಎಳೆದು ಆರಿಸುತ್ತಾನೆ, ಎರಡೂ ಕೈ ಸುಟ್ಟುಕೊಳ್ಳುತ್ತಾನೆ. 54ರಲ್ಲಿ ಗಾಯಗೊಂಡು ಬೇಡಿ ಬಿದ್ದ ಮ್ಯಾಗ್‌ವಿಚ್ ಕೈ ಹಿಡಿದರೆ ಬಿಡಿಸಿಕೊಳ್ಳುವುದಿಲ್ಲ. ಲಾಯರ್ ಜ್ಯಾಗರ್ಸ್ ವಾಸನೆ ಸೋಪಿನಲ್ಲಿ ಕೈ ತೊಳೆಯುತ್ತಲೇ ಇರುವುದನ್ನೂ ಇಲ್ಲೇ ಸೇರಿಸು. ಎಸ್ಟೆಲ್ಲಾಳ ತಾಯಿ ಯಾರೆಂದು 48ರಲ್ಲಿ ಗೊತ್ತಾಗುವುದೂ ಜ್ಯಾಗರ್ಸ್‌ನ ಮನೆಗೆಲಸದ ಮಾಲಿ ಎಂಬವಳ ಬೆರಳಾಟ ನೋಡಿಯೇ. ಕೈ ನೋಡಿ ಆಡಿಕೊಂಡವಳ ಹುಟ್ಟಿನ ಗುಟ್ಟು ಮನೆಗೆಲಸದವಳ ಕೈಯಲ್ಲಿತ್ತು!

ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ ಇಷ್ಟನ್ನು ತರಗತಿಯಲ್ಲಿ ನಿಧಾನವಾಗಿ ಹೇಳಲು ಆಗಲೇ ಇಲ್ಲ ನೋಡು. ಎದುರಿಗೆ ಕೂತವರಲ್ಲಿ ಹಳ್ಳಿಯಿಂದ ಬಸ್ಸು ಹತ್ತಿ ಬಂದ ಮಕ್ಕಳೇ ಹೆಚ್ಚು. ಇರಲಿ.

ನೀನು ಹೆದರಿದ್ದು 27ನೇ ಅಧ್ಯಾಯ ಓದಿಯೇ ಇರಬೇಕು. ಜೋ ಲಂಡನ್ನಿಗೆ ಬರುತ್ತಾನೆ. ಟೋಪಿ ಎಲ್ಲಿಡಬೇಕೋ ತಿಳಿಯದೆ ಬೆಂಕಿಗೂಡಿನ ಮೇಲಿನ ಹಲಗೆಯ ಮೂಲೆಗಿಡುತ್ತಾನೆ, ಅದು ಬೀಳುತ್ತದೆ, ಹಾರಿ ಹಿಡಿಯುತ್ತಾನೆ, ಮತ್ತೆ ಬೀಳುತ್ತದೆ, ಕೊನೆಗೆ ಟೀ ಚರಟ ಚೆಲ್ಲುವ ಬಟ್ಟಲಿಗೇ ಬೀಳುತ್ತದೆ. ದುಡ್ಡು ಕೊಟ್ಟರೆ ಇವನು ಬರುವುದು ತಪ್ಪುವುದಾಗಿದ್ದರೆ ಕೊಟ್ಟೇಬಿಡುತ್ತಿದ್ದೆ ಅನ್ನುತ್ತಾನೆ ಪಿಪ್. ಆದರೆ ಅಂದು ನಾಚಿದವನು ಹುಡುಗ, ಈಗ ಅದನ್ನು ಬರೆಯುತ್ತಿರುವವನು ವಯಸ್ಸಾದ ಪಿಪ್. ಮುಚ್ಚಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ನೀನೂ ಮುಚ್ಚಿಡಲಿಲ್ಲವಲ್ಲ, ನನಗೆ ಬರೆದೆ. ಹಾಗಂತ ಸುಮ್ಮನೆ ಸಮಾಧಾನ ಹೇಳಲಾರೆ. ಜೋ ಎಲ್ಲವನ್ನೂ ಗಮನಿಸಿದ್ದ. ನಿಮ್ಮಪ್ಪನೂ ಗಮನಿಸಿರುತ್ತಾರೆ.

ಪ್ರಬಂಧಕ್ಕೆ ನನಗೆ ತೋಚಿದ್ದು ಇಷ್ಟು, ಬೇಡವಾದರೆ ಬಿಡು. 59 ಅಧ್ಯಾಯ ಮೂರು ಭಾಗವಾಗಿದೆ: 19ಕ್ಕೆ ಒಂದು, 39ಕ್ಕೆ ಇನ್ನೊಂದು ಮುಗಿಯುತ್ತದೆ. ಒಂದೊಂದು ಭಾಗಕ್ಕೆ ಒಂದೊಂದು ಹಾಳೆ ಇಟ್ಟುಕೊಂಡು, ಕೈ ಬಂದ ಕಡೆಯೆಲ್ಲ ಅಧ್ಯಾಯದ ಸಂಖ್ಯೆ, ಯಾರ ಕೈ, ನೋಡುತ್ತಿರುವವರು ಯಾರು ಅಂತ ಗುರುತು ಹಾಕು. ಮಂಜು ಎಂದರೆ ಗೊಂದಲ ಅಂತ ಲೆಕ್ಕ ಬಿಡಿಸಿದ ಹಾಗೆ ಬರೆದರೆ ಮುಂದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಒಂದು ವಸ್ತು ಎರಡನೇ ಸಲ ಎಲ್ಲಿ ಬಂತು ಅಂತ ಹುಡುಕು. ಹಿಂದೆ ಕೈದಿ ಮ್ಯಾಗ್‌ವಿಚ್‌ನ ಕಾಲಿನ ಬೇಡಿಯನ್ನು ಅರದಿಂದ ಕೊಯ್ಯಲು ನೆರವಾದವನು ಪಿಪ್. 16ರಲ್ಲಿ ಅಂಥದೇ ಬೇಡಿ ತಲೆಗೆ ಏಟು ಬಿದ್ದ ಅಕ್ಕನ ಪಕ್ಕದಲ್ಲಿ ಬಿದ್ದಿರುತ್ತದೆ.

ಎಸ್ಟೆಲ್ಲಾಳ ಕೈ ಹಿಡಿಯುವ ಕೊನೆಯ ಪುಟದಲ್ಲಿ ಪ್ರಬಂಧ ಮುಗಿಸಬೇಡ. ಅದು ಗೆಳೆಯ ಬುಲ್ವರ್ ಲಿಟ್ಟನ್ ಮಾತು ಕೇಳಿ ಡಿಕನ್ಸ್ ಬದಲಿಸಿದ್ದು. 57ಕ್ಕೆ ಮುಗಿಸು. ಕಾಯಿಲೆ ಬಿದ್ದ ಪಿಪ್‌ನನ್ನು ಜೋ ಬಂದು ನೋಡಿಕೊಳ್ಳುತ್ತಾನೆ, ಒಡವೆ ಅಂಗಡಿಯ ಸಾಲ 123 ಪೌಂಡ್ 15 ಶಿಲಿಂಗ್ 6 ಪೆನ್ಸ್ ಸದ್ದಿಲ್ಲದೆ ತೀರಿಸುತ್ತಾನೆ. ಪಿಪ್ ಚೇತರಿಸಿಕೊಂಡ ಹಾಗೆಲ್ಲ ಜೋ ಬಾಯಲ್ಲಿ ಮತ್ತೆ ‘ಸರ್’ ಬರಲು ಶುರು. ಹಾಗೇಕೆ ಅಂತ ಒಂದು ಪುಟವಾದರೂ ಬರಿ.

ನಿನ್ನ ದೊಡ್ಡಮ್ಮ