ಕಸ ಯಾವುದು, ಕಲೆ ಯಾವುದು ಅಂತ ಬೋರ್ಡ್ ಹಾಕಿ

ಮಾನ್ಯ ಸಂಪಾದಕರೇ,

ಫ್ರಾನ್ಸಿನ ಮೆಟ್ಸ್ ಊರಿನ ಮ್ಯೂಸಿಯಂನಲ್ಲಿ ಕಲಾಕೃತಿ ಅಂತ ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದ ಬಾಳೆಹಣ್ಣನ್ನು ಯಾರೋ ಕಿತ್ತು ತಿಂದ ಸುದ್ದಿಯನ್ನು ನೀವು ಕೊನೆಯ ಪುಟದಲ್ಲಿ ತಮಾಷೆಯಾಗಿ ಹಾಕಿದ್ದೀರಿ. ಓದಿದವರು ನಕ್ಕು ಪುಟ ಮಡಚಿರುತ್ತಾರೆ. ನನಗೆ ನಗು ಬರಲಿಲ್ಲ. ಆ ಊರು ಲಕ್ಸೆಂಬರ್ಗ್‌ನ ನಮ್ಮ ಮನೆಯಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರ. ಅದು ಹೋಗಲಿ, ಮೊನ್ನೆ ಭಾನುವಾರ ಇಂಥದ್ದೇ ಇನ್ನೊಂದು ಗ್ಯಾಲರಿಯಿಂದ (ಹೆಸರು ಬೇಡ) ನನ್ನ ಅಮ್ಮ ಅತ್ತುಕೊಂಡು ಹೊರಗೆ ಬಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪತ್ರ.

ಅಮ್ಮನಿಗೆ 68 ವರ್ಷ. ಅರಸೀಕೆರೆಯಿಂದ ಮೂರು ತಿಂಗಳಿಗೆ ಬಂದಿದ್ದಾರೆ. ಹೊರಗೆ ಸುಡುವ ಬಿಸಿಲು, ಅಮ್ಮನಿಗೆ ಮಂಡಿ ನೋವು. ಮೂರು ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಬ್ಯಾಗನ್ನೂ ನೀರಿನ ಬಾಟಲಿಯನ್ನೂ ಲಾಕರ್‌ನಲ್ಲಿ ಇಡಿ ಅಂದರು. ಇಟ್ಟೆವು. ಕೂರೋಕೆ ಒಂದು ಕುರ್ಚಿ ಇಲ್ಲ. ಮಗ ಬಾಗಿಲಲ್ಲೇ ತಿಂದ ಕಿತ್ತಳೆಯ ಸಿಪ್ಪೆಯನ್ನು ಅಮ್ಮ ಟಿಶ್ಯೂನಲ್ಲಿ ಸುತ್ತಿ, ಕಸದ ಬುಟ್ಟಿ ಸಿಗಲಿ ಅಂತ ಮುಷ್ಟಿಯಲ್ಲೇ ಹಿಡಿದುಕೊಂಡು ಎರಡು ಕೋಣೆ ದಾಟಿದ್ದರು. ಮೂರನೇ ಕೋಣೆಯ ಮೂಲೆಯಲ್ಲಿ ಎರಡು ಕಪ್ಪು ಪ್ಲಾಸ್ಟಿಕ್ ಚೀಲ, ಮುದುರಿದ ಪೇಪರ್ ಕಪ್ಪುಗಳು, ಒಂದು ಮುರಿದ ಪೊರಕೆ ಬಿದ್ದಿದ್ದವು. ಅಮ್ಮ ಬಗ್ಗಿ, ಚೀಲದ ಬಾಯಿ ಬಿಡಿಸಿ, ಸಿಪ್ಪೆ ಹಾಕಿದರು.

ಅಲಾರಂ ಬಡಿಯಿತು. ಇಬ್ಬರು ಓಡಿ ಬಂದರು. ಒಬ್ಬ ಫೋಟೋ ತೆಗೆಯುತ್ತಾನೆ, ಇನ್ನೊಬ್ಬಳು ಫ್ರೆಂಚ್‌ನಲ್ಲಿ ಕೂಗುತ್ತಾಳೆ. ಅದು ಕಲಾಕೃತಿಯಂತೆ! ಮೂರು ಪುಟದ ಫಾರ್ಮ್ ತುಂಬಿಸಿದರು. ಅಮ್ಮನ ಪಾಸ್‌ಪೋರ್ಟ್ ಕೇಳಿದರು, ಅದು ಮನೆಯಲ್ಲಿತ್ತು. ಒಂದೂವರೆ ಗಂಟೆ ಅಮ್ಮ ನಿಂತೇ ಇದ್ದರು. ರೈಲು ತಪ್ಪಿತು, ಮುಂದಿನದು ರದ್ದಾಯಿತು, ಮಗ ಹಸಿವು ಅಂತ ಅತ್ತ, ಬಿಸ್ಕತ್ತಿನ ಯಂತ್ರ ಐದು ಯೂರೋ ನುಂಗಿ ಸುಮ್ಮನಾಯಿತು. ಮನೆ ಸೇರಿದಾಗ ರಾತ್ರಿ ಹತ್ತೂವರೆ. ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು, "ಕಸದ ಜೊತೆ ಕಸ ಹಾಕ್ದೆ ಮಗಾ, ಅದರಲ್ಲಿ ತಪ್ಪೇನಾಯ್ತು?"

ತಪ್ಪು ಅಮ್ಮನದಲ್ಲ. 2015ರಲ್ಲಿ ಇಟಲಿಯ ಬೋಲ್ಜಾನೋ ಊರಿನ ಮ್ಯೂಸಿಯಂನಲ್ಲಿ ಖಾಲಿ ಶಾಂಪೇನ್ ಬಾಟಲಿ, ಸಿಗರೇಟಿನ ತುಂಡು, ಬಣ್ಣದ ಕಾಗದದ ಚೂರುಗಳನ್ನು ನೆಲದ ಮೇಲೆ ಹರಡಿಟ್ಟಿದ್ದರು. ಅದೂ ಕಲೆಯೇ. ಯಾರೋ ಪಾರ್ಟಿ ಮಾಡಿ ಹೋಗಿದ್ದಾರೆ ಅಂದುಕೊಂಡು ಸ್ವಚ್ಛತಾ ಕೆಲಸದವರು ಎಲ್ಲವನ್ನೂ ಗುಡಿಸಿ ಚೀಲಕ್ಕೆ ತುಂಬಿದರು. 2011ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಕಲಾವಿದ ಬೇಕೆಂದೇ ಕೊಳೆ ಬಳಿದು ಇಟ್ಟಿದ್ದ ರಬ್ಬರ್ ತೊಟ್ಟಿಯನ್ನು ಕೆಲಸದ ಹೆಂಗಸೊಬ್ಬಳು ಉಜ್ಜಿ ತೊಳೆದು ಫಳಫಳ ಮಾಡಿಬಿಟ್ಟಳು. ಅದರ ಬೆಲೆ 8 ಲಕ್ಷ ಯೂರೋ ಎಂದಿದ್ದರು. 2024ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಲಿಫ್ಟ್ ರಿಪೇರಿಗೆ ಬಂದವನು ಎರಡು ಬಿಯರ್ ಕ್ಯಾನ್‌ಗಳನ್ನು ಕಸಕ್ಕೆ ಹಾಕಿದ. ಅವೂ ಕಲೆಯಾಗಿದ್ದವು. ಪ್ರತಿ ಸಲ ತಲೆ ತಗ್ಗಿಸುವವರು ಯಾರು ನೋಡಿ. ಪೊರಕೆ ಹಿಡಿದವರು, ರಿಪೇರಿಯವರು, ನನ್ನ ಅಮ್ಮನಂಥವರು. ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದೇ ಅವರ ತಪ್ಪು.

ಆ ಬಾಳೆಹಣ್ಣಿನ ಕಥೆಯೂ ಅದೇ. ಕಾಟೆಲಾನ್ ಎಂಬ ಇಟಲಿಯ ಕಲಾವಿದ 2019ರಲ್ಲಿ ಮಯಾಮಿಯಲ್ಲಿ ಮೊದಲು ಅಂಟಿಸಿದ್ದು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದರ ಒಂದು ಪ್ರತಿ 62 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ದುಡ್ಡಲ್ಲಿ 52 ಕೋಟಿ! ಕೊಂಡವನು ಕ್ರಿಪ್ಟೋ ವ್ಯಾಪಾರಿ, ಹಾಂಗ್‌ಕಾಂಗ್‌ನಲ್ಲಿ ಕ್ಯಾಮೆರಾಗಳ ಮುಂದೆ ಸುಲಿದು ತಿಂದ. ಹರಾಜಿಗೆ ಇಟ್ಟ ಹಣ್ಣನ್ನು ಹತ್ತಿರದ ಫುಟ್‌ಪಾತ್ ಅಂಗಡಿಯಿಂದ 35 ಸೆಂಟ್ಸ್ ಕೊಟ್ಟು ತಂದಿದ್ದರು. ಮಾರಿದವರು ಬಾಂಗ್ಲಾದೇಶದಿಂದ ವಲಸೆ ಬಂದ 74 ವರ್ಷದ ಅಜ್ಜ, ಗಂಟೆಗೆ 12 ಡಾಲರ್ ಕೂಲಿ. ಬೆಲೆ ಕೇಳಿ ಅವರು ಅತ್ತರಂತೆ. ನೀವು ಹಣ್ಣಿನ ಫೋಟೋ ಹಾಕಿದಿರಿ, ಆ ಅಜ್ಜನ ಕಣ್ಣೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಯಾಕೆ?

ನಮ್ಮ ಮನೆಯವರು ಹೇಳುತ್ತಾರೆ, ನಿನಗೆ ಸಿಟ್ಟು ಬಂತಲ್ಲ, ಅಂದರೆ ಕಲೆ ಗೆದ್ದಿತು ಅಂತ. ಸೊಳ್ಳೆ ಕಚ್ಚಿದರೂ ಸಿಟ್ಟು ಬರುತ್ತದೆ. ಹಾಗಂತ ಸೊಳ್ಳೆ ಗೆದ್ದಿತು ಅಂತೀವಾ? 1917ರಲ್ಲಿ ಡುಷಾಂಪ್ ಎಂಬ ಫ್ರೆಂಚ್ ಕಲಾವಿದ ಮೂತ್ರದ ಬೇಸಿನ್ ಒಂದನ್ನು ಕಲೆ ಅಂತ ಕಳಿಸಿದಾಗ ನ್ಯೂಯಾರ್ಕ್‌ನವರು ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ, ಆಗ ಅದಕ್ಕೊಂದು ಅರ್ಥ ಇತ್ತು. 1961ರಲ್ಲಿ ಇಟಲಿಯ ಕಲಾವಿದ ಮಂಜೋನಿ ತನ್ನ ಹೇಲು ಅಂತ ಚೀಟಿ ಅಂಟಿಸಿ 90 ಡಬ್ಬಿ ಮಾಡಿದ, ತಲಾ 30 ಗ್ರಾಂ, ಬೆಲೆ ಅಷ್ಟೇ ತೂಕದ ಚಿನ್ನದ್ದು. ಅವನು ಕೊಳ್ಳುವವರನ್ನು ಮುಖಕ್ಕೆ ಹೊಡೆದ ಹಾಗೆ ಬೈದಿದ್ದ. ಅವರು ಬೈಗುಳವನ್ನೇ ಕೊಂಡು ಮ್ಯೂಸಿಯಂನಲ್ಲಿ ಇಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ನೂರು ವರ್ಷದಿಂದ ಅದೇ ಬೈಗುಳ, ಈಗ ಬೈಯುವವನೂ ಬೈಸಿಕೊಳ್ಳುವವನೂ ಪಾಲುದಾರರು. ಪಶ್ಚಿಮದ ಸಂಸ್ಕೃತಿ ಇಳಿಯುತ್ತಿದೆ ಅಂತ ನಾನು ಅನ್ನುವುದು ಇದನ್ನು ನೋಡಿಯೇ. ಕೆಣಕುವುದು ತಪ್ಪಲ್ಲ. ಫ್ರಾನ್ಸಿನ ಕಾದಂಬರಿಕಾರ ವೆಲ್‌ಬೆಕ್‌ನನ್ನು ಓದಿ ನನಗೆ ಅಸಹ್ಯವೂ ಆಗಿದೆ, ಎರಡು ರಾತ್ರಿ ನಿದ್ದೆಯೂ ಕೆಟ್ಟಿದೆ. ಆದರೆ ಅವನ ಪಾತ್ರಗಳ ಒಂಟಿತನ ಸುಳ್ಳಲ್ಲ. ಏನೋ ಕಳೆದುಹೋಯಿತು ಅನ್ನುವ ಸಂಕಟ ಆ ಕೆಟ್ಟ ಮಾತುಗಳ ಕೆಳಗೆ ಇದೆ. ಕಸದ ಚೀಲದ ಕೆಳಗೆ ಏನಿದೆ?

ಅದೇ ಮೆಟ್ಸ್‌ನಲ್ಲಿ ಕ್ಯಾಥೆಡ್ರಲ್ ಇದೆಯಲ್ಲ, ಕಳೆದ ತಿಂಗಳು ಅಮ್ಮನನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ಸುಮಾರು 6,500 ಚದರ ಮೀಟರ್ ಬಣ್ಣದ ಗಾಜು, ಊರವರು ಅದನ್ನು ದೇವರ ಲಾಂದ್ರ ಅನ್ನುತ್ತಾರೆ. ಅಮ್ಮನಿಗೆ ಫ್ರೆಂಚ್ ಬರಲ್ಲ, ಏಸುವಿನ ಕಥೆಯೂ ಅಷ್ಟಾಗಿ ಗೊತ್ತಿಲ್ಲ. ಷಗಾಲ್ ಎಂಬ ಚಿತ್ರಕಾರ ಮಾಡಿದ ಕಿಟಕಿಗಳ ಮುಂದೆ ಅರ್ಧ ಗಂಟೆ ಮಂಡಿ ನೋವು ಮರೆತು ನಿಂತಿದ್ದರು. ಷಗಾಲ್ ಹಳೇ ಕಾಲದವನಲ್ಲ, ಆ ಗಾಜು ನಮ್ಮ ಅಮ್ಮ ಹುಟ್ಟಿದ ಮೇಲೆ ಕೂರಿಸಿದ್ದು. 1937ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ಕಡೆಯವರು "ಕೆಟ್ಟ ಕಲೆ" ಅಂತ ಹೀಯಾಳಿಸಿ ಸಾಲಾಗಿ ತೂಗುಹಾಕಿದರಲ್ಲ, ಅದರಲ್ಲಿ ಇವನ ಚಿತ್ರಗಳೂ ಇದ್ದವು. ಹಾಗಾಗಿ ನಿಷೇಧ ಮಾಡಿ, ಸುಟ್ಟುಹಾಕಿ ಅಂತ ನಾನು ಹೇಳುತ್ತಿಲ್ಲ. ಅಂಥ ಕೈ ಇದ್ದ ನೆಲದಲ್ಲಿ ಈಗ ಟೇಪು, ಬಾಳೆಹಣ್ಣು ಅಂದರೆ ಹೊಟ್ಟೆ ಉರಿಯುತ್ತದೆ. ಅಮ್ಮ ಆವತ್ತು ಬೇಲೂರಿನ ಮದನಿಕೆಯರನ್ನು ನೆನೆಸಿಕೊಂಡು, "ಇದನ್ನು ಮಾಡಿದವರೂ ನಮ್ಮ ದಾಸೋಜನ ಥರದವರೇ ಬಿಡು" ಅಂದಿದ್ದರು.

ಇನ್ನು ಇಲ್ಲಿನ ಅಧಿಕಾರಿಗಳು! ನಾವಿರುವ ಪಟ್ಟಣದಲ್ಲಿ ಪಾರ್ಕಿನ ಮೂಲೆಯಲ್ಲಿ ಒಂದು ಮರದ ಬೆಂಚಿತ್ತು. ಎರಡು ವರ್ಷದ ಹಿಂದೆ ಅದನ್ನು ಕಿತ್ತು ತುಕ್ಕು ಹಿಡಿದ ಕಬ್ಬಿಣದ ತಗಡು ನಿಲ್ಲಿಸಿದರು. ಅದು ಶಿಲ್ಪವಂತೆ. ನಮ್ಮ ಪಕ್ಕದ ಮನೆಯ ಅಜ್ಜಿ ದಿನಾ ಅಲ್ಲಿ ಕೂರುತ್ತಿದ್ದರು, ಈಗ ಮನೆಯಿಂದ ಹೊರಗೇ ಬರಲ್ಲ. ನಾನು ಎರಡು ಸಲ ಪತ್ರ ಬರೆದೆ. ಮೂರು ಭಾಷೆಯಲ್ಲಿ ಉತ್ತರ ಬಂತು, ಮೂರರಲ್ಲೂ ಬೆಂಚಿನ ಮಾತಿಲ್ಲ. ಬೀದಿ ದೀಪ ಕೆಟ್ಟು ನಾಲ್ಕು ತಿಂಗಳಾಯಿತು, ಅದಕ್ಕೂ ಇದೇ ಗತಿ. ಶಾಲೆಯ ಚಿತ್ರಕಲೆ ತರಗತಿಯನ್ನು ವಾರಕ್ಕೆ ಒಂದು ಗಂಟೆಗೆ ಇಳಿಸಿದರು, ದುಡ್ಡಿಲ್ಲವಂತೆ. ತಗಡಿಗೆ ಎಲ್ಲಿಂದ ಬಂತು?

ಸಂಪಾದಕರೇ, ಇಂಥ ಸುದ್ದಿಯನ್ನು ತಮಾಷೆ ಅಂತ ಹಾಕಬೇಡಿ. ಹಾಕಿದರೆ ಪೂರ್ತಿ ಹಾಕಿ, ಯಾರ ದುಡ್ಡು, ಯಾರಿಗೆ ಹೋಯಿತು ಅಂತ ಕೇಳಿ. ಆ ಗ್ಯಾಲರಿಯವರು ಯಾವುದು ಕಸ, ಯಾವುದು ಕಲೆ ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಲಿ, ಇಲ್ಲವಾದರೆ ಆ ಚೀಲಗಳನ್ನು ಎತ್ತಿ ಹೊರಗೆ ಇಡಲಿ. ಅಮ್ಮನ ಹತ್ತಿರ ಕ್ಷಮೆ ಕೇಳಲಿ. ಅಥವಾ ಏನೂ ಬೇಡ, ನೋಡೋಕೆ ಬಂದ ವಯಸ್ಸಾದವರಿಗೆ ಒಂದು ಕುರ್ಚಿಯನ್ನಾದರೂ ಇಡಿ, ಅಷ್ಟು ಬುದ್ಧಿ ಬೇಡವಾ ನಿಮಗೆ? ಮತ್ತೆ ಆ ಬೆಂಚು, ಅದನ್ನು ಎಲ್ಲಿ ಬಿಸಾಕಿದ್ದೀರೋ ಅಲ್ಲಿಂದ ತಂದು ಮೊದಲು ವಾಪಸ್ ಹಾಕಿ.

ಇಂತಿ,
ಒಬ್ಬ ಓದುಗಿ, ಲಕ್ಸೆಂಬರ್ಗ್
(ಮೂಲ ಊರು ಅರಸೀಕೆರೆ)