ವಿಮಾನದ ಹೊಟ್ಟೆ ಬಿಚ್ಚಿ ನೋಡುವವರು ಎಲ್ಲಿ? ಬೆಳಗಾವಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಲೋಕಸಭೆಯಲ್ಲಿ ನಮ್ಮ ಪರವಾಗಿ ಒಂದು ಪ್ರಶ್ನೆ ಕೇಳಿ. ವಿಮಾನಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎಯಲ್ಲಿ ಖಾಲಿ ಬಿದ್ದಿರುವ ಹುದ್ದೆಗಳನ್ನು ಯಾವ ತಾರೀಖಿನೊಳಗೆ ತುಂಬುತ್ತಾರೆ? ಹತ್ತಿರ ಹತ್ತಿರ ಅರ್ಧದಷ್ಟು ಹುದ್ದೆ ಖಾಲಿ ಇವೆ ಎಂದು 2025ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿದೆ.

ನಾನು ಬೆಳಗಾವಿಯಿಂದ ಹತ್ತರಗಿಗೆ ಹೋಗಿ ವಿಮಾನದ ಬಿಡಿಭಾಗಗಳ ಕೆಲಸ ಮಾಡುವವನು. ಅಲ್ಯೂಮಿನಿಯಂ ಪೀಸನ್ನು ಆನೋಡೈಸಿಂಗ್ ತೊಟ್ಟಿಗೆ ಇಳಿಸಿ, ಮೇಲೊಂದು ರಕ್ಷಣೆಯ ಪದರ ಕೂರಿಸುತ್ತೇವೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರಿನ ಉಪ್ಪೂ ತಾಗಬಾರದು. ಗೀರು ಬಿದ್ದರೆ ಪೀಸ್ ರಿಜೆಕ್ಟ್. ಇಷ್ಟೆಲ್ಲ ಮಾಡುವುದು ತುಕ್ಕಿನ ಭಯಕ್ಕೆ. ಅಲ್ಯೂಮಿನಿಯಂ ತುಕ್ಕು ಕಬ್ಬಿಣದ್ದರ ಹಾಗೆ ಕೆಂಪಗೆ ಕಾಣುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಲೋಹ ಪದರು ಪದರಾಗಿ ಉಬ್ಬುತ್ತದೆ. ಅದೂ ಜಾಸ್ತಿ ಟಾಯ್ಲೆಟ್ಟಿನ ಅಡಿಯಲ್ಲಿ, ನೆಲದ ಕೆಳಗೆ, ನೀರು ಸೋರಿ ನಿಲ್ಲುವ ಕಡೆ. ಬಿಚ್ಚಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ತೈವಾನಿನಲ್ಲಿ 1981ರ ಆಗಸ್ಟ್ 22ರಂದು ಫಾರ್ ಈಸ್ಟರ್ನ್ ಸಂಸ್ಥೆಯ ಬೋಯಿಂಗ್ 737 ಒಂದು ತೈಪೆಯಿಂದ ಹೊರಟ ಹತ್ತೇ ನಿಮಿಷಕ್ಕೆ ವಾಪಸ್ ಬಂತು. ಒಳಗಿನ ಗಾಳಿಯ ಒತ್ತಡ ನಿಲ್ಲುತ್ತಿರಲಿಲ್ಲ. ರಿಪೇರಿ ಮಾಡಿ ಅದೇ ದಿನ ಮತ್ತೆ ಹಾರಿಸಿದರು. ಸಾನ್ಯಿ ಬಳಿ ಅದು ಆಕಾಶದಲ್ಲೇ ಚೂರಾಯಿತು. ಇದ್ದ 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖೆಯಲ್ಲಿ ಗೊತ್ತಾಗಿದ್ದು ಏನೆಂದರೆ, ಕೆಳಭಾಗದ ತಗಡು ತುಕ್ಕಿಗೆ ತೆಳುವಾಗಿತ್ತು, ಕೆಲವು ಕಡೆ ತೂತೇ ಬಿದ್ದಿತ್ತು. 33,313 ಸಲ ಇಳಿದಿದ್ದ ವಿಮಾನ ಅದು. ಪ್ರತಿ ಹಾರಾಟಕ್ಕೂ ಅದರ ಮೈ ಒತ್ತಡಕ್ಕೆ ಹಿಗ್ಗಿ, ಕುಗ್ಗಿರುತ್ತದೆ. ಕೊನೆಗೊಂದು ದಿನ ತಗಡು ಹರಿಯಿತು, ನೆಲದ ತೊಲೆಗಳು ಮುರಿದವು, ಕಂಟ್ರೋಲ್ ಕೇಬಲ್‌ಗಳು ತುಂಡಾದವು. ಆಮೇಲೆ ಪೈಲಟ್ ಏನು ಮಾಡಲು ಸಾಧ್ಯ, ಹೇಳಿ?

1988ರಲ್ಲಿ ಹವಾಯಿಯಲ್ಲಿ ಅಲೋಹಾ ಸಂಸ್ಥೆಯ ವಿಮಾನದ ಚಾವಣಿ ಹಾರುವಾಗಲೇ ಕಿತ್ತುಹೋಗಿ ಒಬ್ಬ ಗಗನಸಖಿ ತೀರಿಕೊಂಡರು. ಹತ್ತುವಾಗಲೇ ಪ್ರಯಾಣಿಕರೊಬ್ಬರು ಬಿರುಕು ನೋಡಿದ್ದರು, ಆದರೆ ಯಾರಿಗೂ ಹೇಳಿರಲಿಲ್ಲ. ಅವರನ್ನು ಹೇಗೆ ದೂರುವುದು? ಬಿರುಕು ಹುಡುಕುವುದು ಟಿಕೆಟ್ ಕೊಂಡವರ ಕೆಲಸವಲ್ಲ.

ವಿಮಾನ ಸಂಸ್ಥೆಯ ಎಂಜಿನಿಯರುಗಳು ತಪಾಸಣೆ ಮಾಡುತ್ತಾರೆ, ನಿಜ. ಆದರೆ ಅವರ ಕೆಲಸವನ್ನು ಹೇಳದೆ ಕೇಳದೆ ಬಂದು ಪರೀಕ್ಷಿಸುವ ಸರ್ಕಾರಿ ಅಧಿಕಾರಿ ಬೇಕೇ ಬೇಕು. ಕುರ್ಚಿಯೇ ಖಾಲಿ ಇದ್ದರೆ ಬರುವವರು ಯಾರು? ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ನಮ್ಮ ಜನ ಸುಮ್ನೆ ನಂಬಿ ಹತ್ತುತ್ತಾರೆ.

ದಯವಿಟ್ಟು ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೇಳಿ. ಆಗ ಮಂತ್ರಿಗಳು ಸದನದಲ್ಲೇ ಉತ್ತರ ಕೊಡಬೇಕಾಗುತ್ತದೆ, ಉಪಪ್ರಶ್ನೆಗೂ ನಿಮಗೆ ಅವಕಾಶ ಸಿಗುತ್ತದೆ. ಹಳೆಯ ವಿಮಾನಗಳ ತುಕ್ಕು ತಪಾಸಣೆಯ ವರದಿಗಳನ್ನು ಜನರ ಮುಂದೆ ಇಡುತ್ತಾರಾ ಎಂದು ಆ ಉಪಪ್ರಶ್ನೆಯಲ್ಲಿ ಕೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ