ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟುವ ಮುಂಚೆ

ನಮ್ಮ ಶಾಲೆಯ ಎಲ್ಲ ಪಾಲಕರಿಗೆ ಮುಖ್ಯ ಗುರುಗಳ ನಮಸ್ಕಾರಗಳು.

ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಹಬ್ಬ ಎಳ್ಳಮಾವಾಸ್ಯೆ ಹತ್ತಿರ ಬಂತು. ಆ ದಿನ ಮಕ್ಕಳು ಶಾಲೆಗೆ ಬರೋದಿಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹಾಜರಿ ಪುಸ್ತಕ ಹಿಡಿದು ಕೂತರೆ ಖಾಲಿ ಬೆಂಚುಗಳ ಹಾಜರಿ ಹಾಕಬೇಕು ಅಷ್ಟೆ. ಹಾಗಾಗಿ ಬೈಯಲು ಈ ಪತ್ರ ಬರೆಯುತ್ತಿಲ್ಲ. ನನ್ನದೇ ಒಂದು ತಪ್ಪು ಹೇಳಿಕೊಳ್ಳುವುದಿದೆ, ನಿಮಗೊಂದು ಕೆಲಸ ಹಚ್ಚುವುದಿದೆ.

ಹೋದ ವರ್ಷ ಹಬ್ಬದ ಮರುದಿನ ಆರನೇ ತರಗತಿಯವರಿಗೆ ‘ನಮ್ಮ ಹೊಲದಲ್ಲಿ ಎಳ್ಳಮಾವಾಸ್ಯೆ’ ಎಂದು ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಯಾಕಪ್ಪಾ ಅಂದೆ. ‘ನಮಗ ಹೊಲ ಇಲ್ರೀ ಸರ್’ ಅಂದ. ಕರಿಹಲಗೆಯ ಮೇಲೆ ‘ನಮ್ಮ ಹೊಲ’ ಅಂತ ಬರೆಯುವಾಗ ನನಗೆ ಅದು ಹೊಳೆದಿರಲಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಅಪ್ಪ ಅವ್ವ ಕೂಲಿ ಮಾಡುತ್ತಾರೆ. ಕೆಲವರು ಕಬ್ಬು ಕಡಿಯಲು ಗುಳೆ ಹೋದರೆ ಯುಗಾದಿ ಹೊತ್ತಿಗೆ ಊರು ಕಾಣುತ್ತಾರೆ. ಅವರಿಗೂ ಎಳ್ಳಮಾವಾಸ್ಯೆ ಹಬ್ಬವೇ ಅಲ್ವಾ?

ಈ ಹಬ್ಬ ಯಾಕೆ ಬಂತು ಅಂತ ಮಕ್ಕಳನ್ನು ಕೇಳಿದರೆ ‘ಶೇಂಗಾ ಹೋಳಿಗೆ ತಿನ್ನಾಕ’ ಅನ್ನುತ್ತಾರೆ. ತಪ್ಪೇನಿಲ್ಲ, ಬಿಡಿ. ಆದರೆ ಅದರ ಹಿಂದೆ ನಮ್ಮ ಡೋಣಿ ನದಿ ಸೀಮೆಯ ಕಥೆಯೇ ಇದೆ. ಡೋಣಿಯ ನೀರು ಉಪ್ಪು, ದಂಡೆಯ ಕರಿಮಣ್ಣು ಮಾತ್ರ ಬಂಗಾರ. ಹಿಂಗಾರಿ ಮಳೆಗೆ ಬಿತ್ತಿದ ಬಿಳಿಜೋಳ, ಆಮೇಲೆ ಒಂದು ಹನಿ ಬೀಳದಿದ್ದರೂ ಮಣ್ಣಿನ ಹಸಿಯನ್ನೇ ಕುಡಿದು ಬೆಳೆಯುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತ ಹಿರಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಬೆಳೆಯದಿದ್ದರೆ? ಅದನ್ನೂ ಈ ಸೀಮೆ ಕಂಡಿದೆ. 1791-92ರ ಬರಕ್ಕೆ ಡೋಗಿ ಬರ, ಅಂದರೆ ತಲೆಬುರುಡೆಯ ಬರ ಎಂದೇ ಹೆಸರು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲೇ ಬಿದ್ದಿದ್ದವಂತೆ. 1876-78ರಲ್ಲಿ ಮತ್ತೊಂದು ದೊಡ್ಡ ಬರ. 1972ರ ಬರದಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದ ಕೈಗಳು ನಮ್ಮೂರಲ್ಲಿ ಇನ್ನೂ ಇವೆ. ಅದಕ್ಕೇ ಮೊದಲು ಮನೆ ಮುಂದೆ ಹಗೇವು ತೋಡಿ, ನೆಲದೊಳಗೆ ಜೋಳ ತುಂಬಿ ಮುಚ್ಚಿಡುತ್ತಿದ್ದರು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ನೋಡಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ವಿಜ್ಞಾನದ ಪಾಠದಲ್ಲಿ ನಾನು ಇದನ್ನೇ ಹೇಳುತ್ತೇನೆ. ಈಗಿನ ಮಕ್ಕಳು ಹಗೇವು ನೋಡಿಲ್ಲ. ಅವುಗಳ ಮೇಲೆ ಸಿಮೆಂಟ್ ಕಟ್ಟೆ ಬಂದಿದೆ.

ಹಸಿವು ಕಂಡ ಊರು ತಾನು ಉಣ್ಣುವ ಮೊದಲು ಹೊಲಕ್ಕೆ ಉಣಿಸುತ್ತದೆ. ಈ ಹಬ್ಬದಲ್ಲಿ ಹೊಲಕ್ಕೆ ಚೆಲ್ಲುವ ಎಡೆ, ಚರಗ ಅಂದರೆ ನನ್ನ ಪಾಲಿಗೆ ಅದು. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಭಜ್ಜಿ, ಕಡಬು ಎಲ್ಲದರಿಂದ ಒಂದಿಷ್ಟು ಕಲಸಿ ‘ಹುಲ್ಲುಲ್ಲಿಗೋ ಚಲ್ಲಾಂಬ್ರಿಗೋ’ ಅಂತ ಕೂಗುತ್ತಾ ನಾಲ್ಕೂ ದಿಕ್ಕಿಗೆ ಚೆಲ್ಲುತ್ತೇವೆ. ಕೂಗು ಊರಿಂದ ಊರಿಗೆ ಬೇರೆ. ನಿಮ್ಮ ಮನೆಯಲ್ಲಿ ಹೇಗೆ ಕೂಗುತ್ತಾರೋ ಹಾಗೇ ಕಲಿಸಿ, ನನ್ನದೇ ಸರಿ ಅನ್ನಲಾರೆ. ಚೆಲ್ಲಿದ್ದು ಹಕ್ಕಿಗೂ ಆಯಿತು, ಇರುವೆಗೂ ಆಯಿತು.

ಖಾಲಿ ಹಾಳೆ ಕೊಟ್ಟ ಹುಡುಗನ ಅಜ್ಜಿಯನ್ನು ಆಮೇಲೆ ಮಾತಾಡಿಸಿದೆ. ಅವರ ಕಾಲದಲ್ಲಿ ಆ ದಿನ ಯಾರ ಹೊಲದ ದಾರಿಯಲ್ಲಿ ಹೋದರೂ ಕರೆದು ಉಣ್ಣಿಸುತ್ತಿದ್ದರಂತೆ. ಹಾಗಂತ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು ಅಂತ ನಾನು ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ. ದೂರ ಕೂತು ಉಂಡವರೂ ಇದ್ದರು, ಆ ಅಜ್ಜಿಯೂ ಅವರಲ್ಲೊಬ್ಬರು. ಅವರೇ ಹೇಳಿದರು, ನಾನು ತಲೆ ತಗ್ಗಿಸಿ ಕೇಳಿದೆ.

ಕಾಲುವೆ ನೀರು ಸಿಕ್ಕಲ್ಲಿ ಕಬ್ಬು, ದ್ರಾಕ್ಷಿ ಬಂದವು, ಜೋಳದ ಹೊಲ ಕಡಿಮೆ ಆಯಿತು. ದುಡ್ಡು ಕಾಣುವ ಬೆಳೆ ರೈತ ಬೆಳೆಯಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಬಿಸಿಯೂಟದಲ್ಲೂ ಜಾಸ್ತಿ ಅನ್ನ ಸಾರೇ. ಸಜ್ಜಿ ಯಾವುದು, ಜೋಳ ಯಾವುದು ಅಂತ ಕಾಳು ತೋರಿಸಿದರೆ ಮೂರನೇ ತರಗತಿಯ ಅರ್ಧ ಮಕ್ಕಳು ನನ್ನ ಮುಖ ನೋಡುತ್ತಾರೆ. ನನಗೆ ಚಿಂತೆ ಅದು.

ಈ ಸಲ ಹೀಗೆ ಮಾಡೋಣ. ಹಬ್ಬದ ದಿನ ಹೊಲಕ್ಕೆ ಹೋಗುವವರು, ಹೊಲವಿಲ್ಲದ ಗೆಳೆಯರನ್ನೂ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕರೆದುಕೊಂಡು ಹೋಗಿ. ಯಾರ ಮಗು ಅಂತ ಕೇಳಬೇಡಿ. ಅಮಾವಾಸ್ಯೆ ಆದ ಮೇಲೆ ಬರುವ ಶನಿವಾರ, ಬೆಳಗಿನ ಶಾಲೆ ಮುಗಿಯುತ್ತಲೇ ಮೈದಾನದ ಬೇವಿನ ಮರದ ಕೆಳಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಣ. ಕಟ್ಟಿಗೆ, ಹಂಚು, ಹಿಟ್ಟು ಶಾಲೆಯಿಂದ. ಮನೆಯಲ್ಲಿ ಇದ್ದರೆ ಒಂದು ಪಲ್ಯವೋ ಚಟ್ನಿಯೋ ಕಳಿಸಿ, ಇಲ್ಲದಿದ್ದರೆ ಮಗುವನ್ನು ಕಳಿಸಿ ಸಾಕು. ಅಂದು ಗಂಡು ಹುಡುಗರೂ ರೊಟ್ಟಿ ಬಡಿಯುತ್ತಾರೆ. ನಾನೂ ಒಂದು ಬಡಿಯುತ್ತೇನೆ, ನಗುವವರು ನಗಲಿ. ಅಜ್ಜ ಅಜ್ಜಿಯರು ದಯವಿಟ್ಟು ಬನ್ನಿ. ಬರ, ಹಗೇವು, ಗುಳೆ ಏನು ನೆನಪಿದೆಯೋ ಅದನ್ನೇ ಹೇಳಿ, ಮಕ್ಕಳು ಬರೆದುಕೊಳ್ಳುತ್ತಾರೆ. ಈ ಸಲ ಶೀರ್ಷಿಕೆಯನ್ನು ನಾನು ಕೊಡುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಗುರುಗಳು

ತಾ.ಕ.: ಡಬ್ಬಿಗಳ ಮೇಲೆ ಹೆಸರು ಬರೆದು ಕಳಿಸಿ. ಹೋದ ಸಲದ ಮೂರು ಸ್ಟೀಲ್ ಡಬ್ಬಿ ಇನ್ನೂ ನನ್ನ ಆಫೀಸಿನ ಕಪಾಟಿನಲ್ಲೇ ಕೂತಿವೆ.